ಐದನೇ ಯಾಕೆ

ಪೀಣ್ಯ ಎರಡನೇ ಹಂತದಲ್ಲಿ ಕಾರಿನ ಬಿಡಿಭಾಗಗಳಿಗೆ ತಗಡು ಕತ್ತರಿಸುವ, ನಾನು ಕೆಲಸ ಮಾಡುತ್ತಿದ್ದ ಪ್ರೆಸ್ ಶಾಪಿನಲ್ಲಿ ಏನೇ ಕೆಟ್ಟರೂ ಒಂದು ಹಾಳೆ ತುಂಬಬೇಕಿತ್ತು. ಹಾಳೆಯಲ್ಲಿ ಒಂದರ ಕೆಳಗೊಂದು ಐದು ಚೌಕ. ಪ್ರತಿ ಚೌಕದ ಪಕ್ಕದಲ್ಲೂ 'ಯಾಕೆ?' ಎಂದು ಅಚ್ಚಾಗಿರುತ್ತಿತ್ತು. ತಗಡಿನ ತುಂಡಿನ ಅಂಚು ಸೊಟ್ಟಗಾಯಿತು, ಯಾಕೆ? ಅದನ್ನು ಕತ್ತರಿಸುವ ಅಚ್ಚು, ಅಂದರೆ ಡೈ, ಸವೆದಿತ್ತು. ಡೈ ಯಾಕೆ ಸವೆಯಿತು? ಎಣ್ಣೆ ಸಾಲಲಿಲ್ಲ. ಹೀಗೆ ಐದು ಸಲ ಕೇಳಿದರೆ ಮೂಲ ಕಾರಣ ಕೈಗೆ ಸಿಗುತ್ತದೆ ಎಂಬುದು ಜಪಾನಿನಿಂದ ಬಂದು ನಮ್ಮ ಶೆಡ್ಡಿನಲ್ಲಿ ನೆಲೆ ನಿಂತ ನಂಬಿಕೆ. ಐದೇ ಯಾಕೆ, ಆರು ಯಾಕಲ್ಲ ಎಂದು ತರಬೇತಿಯ ದಿನ ನಾನು ಕೇಳಿದ್ದೆ. "ಒಂದು ಶೀಟ್‌ನಲ್ಲಿ ಐದೇ ಹಿಡಿಯೋದು ಮೇಡಂ" ಎಂದು ತರಬೇತಿ ಕೊಡಲು ಬಂದವರು ನಕ್ಕರು. ನಾನೂ ನಕ್ಕೆ. ಆಮೇಲೆ ಕ್ವಾಲಿಟಿ ಇಂಜಿನಿಯರ್ ಆಗಿ ಎಂಟು ವರ್ಷ ಅದೇ ಹಾಳೆ ತುಂಬಿದೆ. ಎಷ್ಟು ತುಂಬಿದೆನೋ ನೆನಪಿಲ್ಲ. ಒಂದು ಮಾತ್ರ ನೆನಪಿದೆ.

ಕಾರಣ ಕೇಳುವ ಚಟ ನನಗೆ ಜಪಾನಿನಿಂದೇನೂ ಬರಬೇಕಿರಲಿಲ್ಲ. ಅಪ್ಪ ಗದಗಿನ ಕಾಲೇಜೊಂದರಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಬೇರೆ ವಿಷಯದಲ್ಲಿ ಸೀಟು ಸಿಗದವರು, ಹಾಜರಾತಿ ಸುಲಭ ಎಂದು ಬಂದವರು ಅವರ ಶಿಷ್ಯರು. ಅಂಥವರ ಎದುರು ನಿಂತು ಅಪ್ಪ ಮೂವತ್ತು ವರ್ಷ ಒಬ್ಬನೇ ಮನುಷ್ಯನ ಬಗ್ಗೆ ಮೈಮರೆತು ಪಾಠ ಮಾಡಿದರು. ಹದಿನೇಳನೇ ಶತಮಾನದ ಹಾಲೆಂಡಿನಲ್ಲಿ ಬದುಕಿದ್ದ ಆ ಮನುಷ್ಯ ಹೊಟ್ಟೆಪಾಡಿಗೆ ದುರ್ಬೀನು, ಕನ್ನಡಕಗಳ ಗಾಜು ಉಜ್ಜುತ್ತಿದ್ದ. ದೇವರು ಜಗತ್ತಿನ ಹೊರಗೆ ಕೂತವನಲ್ಲ, ಇರುವುದೆಲ್ಲ ಅವನೇ ಎಂಬಂಥ ಮಾತಾಡಿದ್ದಕ್ಕೆ ಇಪ್ಪತ್ಮೂರರ ವಯಸ್ಸಿನಲ್ಲೇ ಅವನ ಜನ ಅವನನ್ನು ಶಪಿಸಿ ಹೊರಗೆ ಹಾಕಿದರು. ಮುಂದೆ ದೊಡ್ಡ ವಿಶ್ವವಿದ್ಯಾಲಯವೊಂದು ಮೇಷ್ಟ್ರ ಕೆಲಸಕ್ಕೆ ಕರೆದರೂ ಹೋಗಲಿಲ್ಲ. ಗಾಜು ಉಜ್ಜಿಕೊಂಡೇ ಇದ್ದು, ನಲವತ್ತೈದು ತುಂಬುವ ಮೊದಲೇ ಎದೆಯ ಕಾಯಿಲೆಯಿಂದ ಸತ್ತ. ಆ ಗಾಜಿನ ಪುಡಿಯೇ ಅವನ ಪುಪ್ಪುಸ ತಿಂದಿತು ಎನ್ನುವವರಿದ್ದಾರೆ. ನಮ್ಮ ಮನೆಯಲ್ಲಿ ಅವನ ಹೆಸರು ಯಾರೂ ಹೇಳುತ್ತಿರಲಿಲ್ಲ. ಅವ್ವನ ಬಾಯಲ್ಲಿ ಅವನು 'ಗಾಜಿನಾಂವ'. "ನಿಮ್ಮ ಗಾಜಿನಾಂವ ಬಂದು ನೀರು ತುಂಬತಾನೇನು?" ಎಂದು ನಲ್ಲಿ ಬಂದಾಗ ಒಳಗಿಂದ ಕೂಗುತ್ತಿದ್ದಳು.

ಅಪ್ಪ ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿ, ಕಾಲೇಜಿಗೆ ಹೋಗಿ ಗಾಜಿನಾಂವನ ಪಾಠ ಮಾಡುತ್ತಿದ್ದರು. ಎರಡಕ್ಕೂ ತಂಟೆ ಬರುವುದಿಲ್ಲವೇ ಎಂದು ಯಾರಾದರೂ ಕೆಣಕಿದರೆ, "ಅಂವ ನಮ್ಮೂರಾಗ ಹುಟ್ಟಿದ್ದರ ಯಾರೂ ಹೊರಗ ಹಾಕತಿರಲಿಲ್ಲ. ಕರದು ಊಟಕ್ಕ ಹಾಕತಿದ್ರು. ಮಾತು ಕೇಳತಿರಲಿಲ್ಲ, ಅಷ್ಟ" ಎನ್ನುತ್ತಿದ್ದರು.

ಅವನ ವಾದ ನನಗೆ ಊಟದ ಹೊತ್ತಿನಲ್ಲಿ ಚೂರುಚೂರಾಗಿ ಸಿಕ್ಕಿದ್ದು. ಜಗತ್ತಿನಲ್ಲಿ ಯಾವುದೂ ಸುಮ್ಮನೆ ಆಗುವುದಿಲ್ಲ. ಪ್ರತಿಯೊಂದಕ್ಕೂ ಕಾರಣವಿದೆ, ಆ ಕಾರಣಕ್ಕೆ ಇನ್ನೊಂದು ಕಾರಣವಿದೆ, ಕೊನೆಯೇ ಇಲ್ಲ. ನಮಗೆ ಏನು ಬೇಕು ಎಂಬುದು ಗೊತ್ತಿರುತ್ತದೆ, ಯಾಕೆ ಬೇಕಾಯಿತು ಎಂಬುದು ಗೊತ್ತಿರುವುದಿಲ್ಲ. ಅದಕ್ಕೇ ನಮ್ಮಿಷ್ಟದಂತೆ ನಡೆಯುತ್ತಿದ್ದೇವೆ ಎಂದು ಬೀಗುತ್ತೇವೆ. ಸಿಟ್ಟನ್ನಾಗಲಿ ದುಃಖವನ್ನಾಗಲಿ ಸರಿಯಾಗಿ ಅರ್ಥ ಮಾಡಿಕೊಂಡರೆ ಅದರ ಹಿಡಿತ ಸಡಿಲವಾಗುತ್ತದೆ. ಪಶ್ಚಾತ್ತಾಪದ ಬಗ್ಗೆಯೂ ಅವನಿಗೆ ಗೌರವವಿರಲಿಲ್ಲ. ತಪ್ಪು ಮಾಡಿ ಒಮ್ಮೆ ಸೋತವನು ಕೊರಗುತ್ತ ಕೂತು ಮತ್ತೊಮ್ಮೆ ಸೋಲುತ್ತಾನೆ ಎಂಬ ಧಾಟಿಯ ಮಾತು. ಇದೊಂದು ನನಗೆ ಬಹಳ ಹಿಡಿಸಿತ್ತು. ಹಿಡಿಸುವ ವಯಸ್ಸೂ ಆಗಿತ್ತು.

ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಅವ್ವ ಹೋದಳು. ಹೊಟ್ಟೆನೋವು ಎಂದು ಆಸ್ಪತ್ರೆಗೆ ಸೇರಿಸಿದ ಹನ್ನೊಂದನೇ ದಿನ. ಅಪ್ಪ ಕಾರಿಡಾರಿನ ಬೆಂಚಿನ ಮೇಲೆ ಬೆನ್ನು ನೇರ ಮಾಡಿ ಕೂತಿದ್ದರು. ನಾನು ಹತ್ತಿರ ಹೋದಾಗ, "ಆಗೂದು ಆತವ್ವಾ. ಎಲ್ಲಾಕ್ಕೂ ಕಾರಣ ಇರತಾವು" ಎಂದರು. ಕಣ್ಣಲ್ಲಿ ನೀರಿರಲಿಲ್ಲ. ನೆಂಟರು ಅವರನ್ನು ಕಲ್ಲು ಎಂದರು. ನನಗೆ ಮಾತ್ರ ಹೆಮ್ಮೆಯಾಯಿತು. ನಾನೂ ಅಳಲಿಲ್ಲ. ಆ ದಿನದಿಂದ ನನ್ನೊಳಗೆ ಏನೋ ಜೋಮು ಹಿಡಿಯಿತು. ಅದನ್ನು ನಾನು ತಿಳಿವಳಿಕೆ ಎಂದು ಕರೆದುಕೊಂಡೆ.

ಓದು ಮುಗಿಸಿ ಪೀಣ್ಯಕ್ಕೆ ಬಂದೆ. ಅಪ್ಪನ ನಿವೃತ್ತಿಯ ಜೊತೆಗೇ ಅವರ ವಿಭಾಗವನ್ನೂ ಮುಚ್ಚಿದರು. ಅವರು ಎರಡು ಟ್ರಂಕು ಪುಸ್ತಕದೊಂದಿಗೆ ದಾಸರಹಳ್ಳಿಯ ನನ್ನ ಅಪಾರ್ಟ್‌ಮೆಂಟಿಗೆ ಬಂದರು. ತುಮಕೂರು ರಸ್ತೆಯ ಉದ್ದಕ್ಕೂ ಆಗ ಮೆಟ್ರೋ ಕಂಬಗಳು ಏಳುತ್ತಿದ್ದವು. ಕಿಟಕಿ ಎಷ್ಟು ಮುಚ್ಚಿದರೂ ಪುಸ್ತಕಗಳ ಮೇಲೆ ಸಿಮೆಂಟಿನ ದೂಳು ಕೂರುತ್ತಿತ್ತು. ಅಪ್ಪ ದಿನಾ ಒರೆಸುತ್ತಿದ್ದರು.

ನಮ್ಮ ಶೆಡ್ಡಿನಲ್ಲಿ ಹನ್ನೆರಡು ಪ್ರೆಸ್ಸುಗಳಿದ್ದವು. ಪ್ರತಿ ಪ್ರೆಸ್ಸಿಗೆ ಎಡಕ್ಕೊಂದು ಬಲಕ್ಕೊಂದು ಬಟನ್. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿದು ತಗಡನ್ನು ಕತ್ತರಿಸಬೇಕು. ಎರಡು ಕೈಯೂ ಬಟನ್ ಮೇಲಿದ್ದರೆ ಬೆರಳು ಒಳಗಿರಲು ಸಾಧ್ಯವಿಲ್ಲ, ಅದು ಅದರ ಜಾಣತನ. ಇದಕ್ಕೆ ಎದುರು ಜಾಣತನವೂ ಇತ್ತು. ಎಡ ಬಟನ್ನಿನ ಸಂದಿಗೆ ಒಂದು ಚೂರು ತಗಡು ಸಿಕ್ಕಿಸಿದರೆ ಅದು ಒತ್ತಿಕೊಂಡೇ ಇರುತ್ತದೆ. ಎಡಗೈಯಿಂದ ತುಂಡು ಇಡುತ್ತ, ಬಲಗೈಯಿಂದ ಒತ್ತುತ್ತ ಹೋಗಬಹುದು. ಕೆಲಸ ಬೇಗ ಆಗುತ್ತದೆ. ಆಡಿಟ್ ದಿನ ಎಲ್ಲ ತಗಡುಗಳೂ ಸೆರಗಿನ, ಜೇಬಿನ ಪಾಲಾಗುತ್ತಿದ್ದವು. ಮರುದಿನ ವಾಪಸು. ಇದು ಎಲ್ಲರಿಗೂ ಗೊತ್ತಿತ್ತು, ಅಂದರೆ ಯಾರಿಗೂ ಗೊತ್ತಿರಲಿಲ್ಲ.

ಏಳನೇ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದವಳನ್ನು ನಾವು ಮಾಕಳಿ ಅಕ್ಕ ಎನ್ನುತ್ತಿದ್ದೆವು. ಮಾಕಳಿಯಲ್ಲೇ ತಲೆತಲಾಂತರದಿಂದ ಇದ್ದ ಮನೆತನದವಳು, ನಲವತ್ತರ ಆಸುಪಾಸು. ಹೊಸದಾಗಿ ಸೇರಿದ್ದಳು. ಅವಳ ತುಂಡುಗಳಲ್ಲಿ ನಾನು ತಪ್ಪು ಹುಡುಕಿದ್ದು ಕಡಿಮೆ, ಸಿಕ್ಕಿದ್ದು ಇನ್ನೂ ಕಡಿಮೆ. ಹೊಸ ಆರ್ಡರ್ ಬಂದಾಗ ಗಂಟೆಗೆ ಎಷ್ಟು ತುಂಡು ಆಗಬೇಕು ಎಂದು ಗೊತ್ತು ಮಾಡಲು ಮ್ಯಾನೇಜರ್ ನನಗೆ ಹೇಳಿದರು. ನಾನು ಸ್ಟಾಪ್‌ವಾಚ್ ಹಿಡಿದು ಅವಳ ಪಕ್ಕ ನಿಂತೆ. ಎಡ ಬಟನ್ನಿನಲ್ಲಿ ತಗಡು ಸಿಕ್ಕಿಸಿರುವುದು ಕಂಡಿತು. ತೆಗೆಯಿರಿ ಎನ್ನಬೇಕಿತ್ತು. ಎಲ್ಲರೂ ದಿನಾ ಮಾಡುವುದೇ ತಾನೆ ಎಂದುಕೊಂಡೆ. ಅವಳ ಕೈ ಎಷ್ಟು ಚೆಂದ ಓಡುತ್ತಿತ್ತೆಂದರೆ ನೋಡುತ್ತ ನಿಂತುಬಿಟ್ಟೆ. ಆ ವೇಗವೇ ಹಾಳೆಗೆ ಬಂತು. ಕೆಳಗೆ ಸಹಿ ಹಾಕಿದೆ. ಮಾರನೇ ದಿನ ಆ ಸಂಖ್ಯೆ ಪ್ರೆಸ್ಸಿನ ಮೇಲಿನ ಬೋರ್ಡಿನಲ್ಲಿ ಸುಣ್ಣದ ಕಡ್ಡಿಯಿಂದ ಬರೆಸಿಕೊಂಡು ಕೂತಿತು.

ಆರು ತಿಂಗಳ ನಂತರ, ಮಧ್ಯಾಹ್ನದ ಊಟ ಮುಗಿದು ಅರ್ಧ ಗಂಟೆಯಾಗಿತ್ತು. ಬೆರಳು ಸಿಕ್ಕರೂ ಪ್ರೆಸ್ಸಿನ ಸದ್ದು ಬದಲಾಗುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ದಿನ. ಮಾಕಳಿ ಅಕ್ಕ ಕೂಗಲಿಲ್ಲ. ಎಡಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡಳು. ತೋರುಬೆರಳು, ನಡುಬೆರಳು ಇರಲಿಲ್ಲ. "ಅಯ್ಯೋ ಮೇಡಂ, ಪೀಸ್ ಆಳಾಗೋಯ್ತು" ಎಂದಳು. ಮ್ಯಾನೇಜರ್ ತಮ್ಮ ಕಾರಿನಲ್ಲೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಕಾರು ಗೇಟು ದಾಟಿದ ಮೇಲೆ ನಾನು ಒಳಗೆ ಬಂದು, ರಕ್ತವಾದ ಆ ತುಂಡನ್ನು ಇಕ್ಕಳದಲ್ಲಿ ಎತ್ತಿ, ನಿಯಮದಂತೆ ಕೆಂಪು ಚೀಟಿ ಕಟ್ಟಿ, ತಿರಸ್ಕೃತ ಮಾಲಿನ ಡಬ್ಬಿಗೆ ಹಾಕಿದೆ. ಏನೂ ಅನಿಸಲಿಲ್ಲ.

ಮರುದಿನ ಹಾಳೆ ತುಂಬಲು ಕೂತೆ. ಬೆರಳು ಯಾಕೆ ಹೋಯಿತು? ಡೈ ಒಳಗೆ ಕೈ ಇತ್ತು. ಯಾಕಿತ್ತು? ಎರಡೂ ಕೈ ಬಟನ್ ಮೇಲಿರಲಿಲ್ಲ. ಯಾಕಿರಲಿಲ್ಲ? ಎಡ ಬಟನ್‌ಗೆ ತಗಡು ಸಿಕ್ಕಿಸಲಾಗಿತ್ತು. ಯಾಕೆ? ಗಂಟೆಯ ಸಂಖ್ಯೆ ಮುಟ್ಟಲು. ಐದನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಆ ಸಂಖ್ಯೆ ಯಾಕೆ ಅಷ್ಟಿತ್ತು? ಉತ್ತರ ನನಗೆ ಗೊತ್ತಿತ್ತು. ಅದರ ಕೆಳಗೆ ನನ್ನ ಸಹಿ ಇತ್ತು.

ಹಿಂದೆ ನಿಂತು ಓದುತ್ತಿದ್ದ ಮ್ಯಾನೇಜರ್ ಕೆಟ್ಟವರಲ್ಲ. ಹಿಂದಿನ ದಿನ ಆಸ್ಪತ್ರೆಯಲ್ಲಿ ಕತ್ತಲಾಗುವ ತನಕ ಕಾದಿದ್ದವರು. "ನಾಲ್ಕನೇದು ಬದಲಾಯ್ಸಿ ಮೇಡಂ" ಎಂದರು. "ತಗಡು ಸಿಕ್ಸಿದ್ದು ಅವ್ರೇ ತಾನೆ? ಅಷ್ಟೇ ಬರೀರಿ. ನಂಬರ್ ವಿಷ್ಯ ಎತ್ತಿದ್ರೆ ನೀವೂ ಸಿಕ್ಕಾಕೊಳ್ತೀರಿ, ನಾನೂ ಸಿಕ್ಕಾಕೊಳ್ತೀನಿ."

ಐದನೇ ಚೌಕದ ಬೆಲೆ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಕೆಲಸದ ವಿಧಾನದ ತಪ್ಪು ಎಂದು ಬಿದ್ದರೆ ಕಂಪನಿ ಅವಳನ್ನು ವಾಪಸು ತೆಗೆದುಕೊಂಡು ಪ್ಯಾಕಿಂಗಿನಲ್ಲಿ ಕೂರಿಸಲೇಬೇಕು. ಅಜಾಗರೂಕತೆ ಎಂದು ಬಿದ್ದರೆ ಅವಳು ಮತ್ತೆ ಆ ಗೇಟಿನೊಳಗೆ ಬರುವಂತಿಲ್ಲ. ಪ್ಯಾಕಿಂಗಿನಲ್ಲಿ ಆಗ ಎರಡು ಜಾಗ ಖಾಲಿ ಇದ್ದವು. ನಾನು ನಾಲ್ಕನೆಯದನ್ನು ಅಳಿಸಿ, 'ಆಪರೇಟರ್ ತಾನಾಗಿಯೇ ಸಿಕ್ಕಿಸಿದ್ದು' ಎಂದು ಬರೆದೆ. ಐದನೆಯದರಲ್ಲಿ 'ಅಜಾಗರೂಕತೆ' ಎಂದು ಬರೆದು ಸಹಿ ಮಾಡಿದೆ.

ಬಸ್ಸಿನಲ್ಲಿ ಕೂತಾಗ ಗಾಜಿನಾಂವ ನೆರವಿಗೆ ಬಂದ. ಸಂಖ್ಯೆ ಇಟ್ಟದ್ದು ನಾನು. ನನಗೆ ಹೇಳಿದ್ದು ಮ್ಯಾನೇಜರ್. ಅವರಿಗೆ ಅವಸರ ಮಾಡಿದ್ದು ಗಿರಾಕಿ. ಗಿರಾಕಿಯ ಹಿಂದೆ ಕಾರು ಕೊಳ್ಳುವ ಜನ, ಅವರ ಹಿಂದೆ ಇನ್ನೇನೋ. ಎಲ್ಲಿ ಅಂತ ನಿಲ್ಲಿಸುವುದು, ಯಾರನ್ನು ಅಂತ ಹಿಡಿಯುವುದು? ಆಗಬೇಕಾದದ್ದು ಆಯಿತು. ಇನ್ನು ಕೊರಗಿದರೆ ಎರಡನೇ ಸೋಲು. ಮನೆಗೆ ಬಂದೆ, ರೊಟ್ಟಿ ತಿಂದೆ, ಊಟ ಚೆನ್ನಾಗಿಯೇ ಸೇರಿತು. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಒಬ್ಬರಿಗೆ ಪೆಟ್ಟಾಯಿತು ಎಂದಷ್ಟೇ ಹೇಳಿದೆ. ಮುಂದಿನ ಮೂರು ವಾರವೂ ಹಾಗೇ ಕಳೆದವು. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆಗ ಅದೂ ಆಗಲಿಲ್ಲ.

ಕಾರ್ಮಿಕರ ವಿಮೆಯ ಇಎಸ್‌ಐ ಕಾಗದಗಳಿಗೆ ಅವಳ ಸಹಿ ಬೇಕಾಗಿತ್ತು. ಯಾರೂ ಹೋಗಲು ಒಪ್ಪದೆ ನನ್ನ ಪಾಲಿಗೆ ಬಂತು. ಮಾಕಳಿಯಲ್ಲಿ ಗೋಡೌನುಗಳ ಹಿಂದೆ, ಹೆಂಚಿನ ಹಳೇ ಮನೆ. ಅವಳೊಬ್ಬಳೇ ಇದ್ದಳು. ಎಡಗೈಗೆ ಬಿಳಿ ಬಟ್ಟೆ ಸುತ್ತಿತ್ತು. ಬೇಡವೆಂದರೂ ಬಲಗೈಯೊಂದರಲ್ಲೇ ಕಾಫಿ ಮಾಡಿ ತಂದಳು. ಸಹಿ ಮಾಡಿದಳು. ಆಮೇಲೆ ನನ್ನನ್ನೇ ಸಮಾಧಾನ ಮಾಡಲು ಶುರು ಮಾಡಿದಳು.

"ನೀವ್ ಬರ್ದಿರೋದು ಸರಿಯಾಗೈತೆ ಮೇಡಂ. ತೆಪ್ಪು ನಂದೇಯಾ" ಎಂದಳು. ಹಾಳೆಯ ವಿಷಯ ಯಾರೋ ಹೇಳಿದ್ದರು.

ನಾನು ಕಾಫಿ ನೋಡುತ್ತ ಕೂತೆ.

"ನೀವು ಟೈಮ್ ನೋಡಕ್ ಬಂದಿದ್ರಲ್ಲ, ಅವತ್ತೇ ನಾನು ಕೆಟ್ಟಿದ್ದು. ಅದ್ಕೂ ಮುಂಚೆ ಎಲ್ಡು ಕೈಲೂ ಒತ್ತೇ ಮಾಡ್ತಿದ್ದೆ. ಇಂಗೆ ಮೇಡಂ ಬತ್ತಾವ್ರೆ ಕಣೇ, ಚೆಂದಾಗ್ ಮಾಡು ಅಂತ ಪಕ್ಕದ್ ಮಿಷಿನ್ನೋಳು ತಗಡು ಸಿಕ್ಸೋದ್ ಹೇಳ್ಕೊಟ್ಲು. ನೀವ್ ಬೇರೆ ಪಕ್ಕದಾಗೇ ನಿಂತ್ಕಂಡ್ ನೋಡ್ತಿದ್ರಿ. ಮೇಡಂ ಕಣ್ಗೆ ನಾನ್ ಒಳ್ಳೆ ಕೆಲ್ಸಗಾತಿ ಅನ್ನಿಸ್ಲಿ ಅಂತ ಜೋರಾಗ್ ಮಾಡ್ಬುಟ್ಟೆ. ಆಮೇಲೆ ಆ ನಂಬರ್ರು ಬೋರ್ಡಿಗ್ ಬಂತಾ, ತಗಡಿಲ್ದೆ ಮುಟ್ಟಕ್ಕೇ ಆಗ್ನಿಲ್ಲ." ಎಡಗೈಯ ಬಟ್ಟೆ ಸರಿಮಾಡಿಕೊಳ್ಳುತ್ತ, "ಅವತ್ತು ನಿದಾನಕ್ ಮಾಡಿದ್ರೆ ಆಗಿರೋದು" ಎಂದಳು.

ಅವಳು ನನ್ನ ಮೇಲೆ ಹೊರಿಸುತ್ತಿರಲಿಲ್ಲ. ದೂರೂ ಅಲ್ಲ, ಚುಚ್ಚುಮಾತೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದಳು. ಐದು ಚೌಕ ಇಟ್ಟುಕೊಂಡು ನಾನು ಮುಟ್ಟದ ಜಾಗಕ್ಕೆ ಅವಳು ಬರಿಗೈಯಲ್ಲಿ ಹೋಗಿ ಬಂದಿದ್ದಳು. ನಾನು ಬರುತ್ತೇನೆಂದು ಮೊದಲ ಸಲ ತಗಡು ಸಿಕ್ಕಿಸಿಕೊಂಡಿದ್ದಳು, ನಾನು ನಿಂತು ನೋಡಿದೆನೆಂದು ಕೈ ಓಡಿಸಿದ್ದಳು. ದಿನಾ ಎಲ್ಲರೂ ಮಾಡುವುದೇ ಎಂದುಕೊಂಡು ನಾನು ಅಳೆದದ್ದು, ನನಗಾಗಿಯೇ ಮಾಡಿ ತೋರಿಸಿದ್ದನ್ನು. ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು ಎದ್ದೆ. ಹೋಗಿ ಬರುತ್ತೇನೆ ಎಂದೆನೋ ಇಲ್ಲವೋ ನೆನಪಿಲ್ಲ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವರು ಪುಸ್ತಕ ಒರೆಸುತ್ತಿದ್ದರು. ಹೇಳಿ ಮುಗಿಸಿ, ಇಷ್ಟೆಲ್ಲ ಗೊತ್ತಾದರೂ ನನಗೆ ಅಳು ಬರುತ್ತಿಲ್ಲ, ನಿಮ್ಮ ಗಾಜಿನಾಂವನ ಪ್ರಕಾರ ಇದು ಒಳ್ಳೆಯದೇ ಅಲ್ಲವೇ ಎಂದು ಕೇಳಿದೆ. ಕೇಳಿದ ರೀತಿಯಲ್ಲಿ ಸ್ವಲ್ಪ ಕೊಂಕಿತ್ತು.

ಅಪ್ಪ ಪುಸ್ತಕ ಕೆಳಗಿಟ್ಟರು. "ನಿಮ್ಮವ್ವ ಹೋದಾಗ ನಾ ಏನೋ ಅಂದಿದ್ನಲ್ಲ, ಎಲ್ಲಾಕ್ಕೂ ಕಾರಣ ಇರತಾವು ಅಂತ" ಎಂದರು. "ಅದು ಅವನ ಮಾತು ಅಂತ ತಿಳದಿದ್ದಿ ನೀ. ಅದು ನನ್ನ ಅಂಜಿಕಿ ಮಾತವ್ವಾ. ಕಾರಣ ಹುಡುಕು, ತಿಳಕೋ ಅಂದಾಂವ ಅಂವ. ನಾ ಹುಡುಕಲೇ ಇಲ್ಲ. ಮೂರು ತಿಂಗಳ ಮೊದಲ ಆಕಿ ಹೊಟ್ಟಿ ನೋಯ್ತದ ಅಂದಾಗ, ಪರೀಕ್ಷಾ ಪೇಪರ್ ತಿದ್ದೂದೈತಿ, ಆಮ್ಯಾಲೆ ಹೋಗೂಣು ಅಂದೆ. ಅದೂ ಒಂದು ಕಾರಣನ. ಅದನ್ನ ಬಿಟ್ಟು ಉಳಿದಿದ್ದೆಲ್ಲಾ ಎಣಿಸಿದೆ."

ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿದರು. "ಸರಪಳಿ ಉದ್ದ ಐತಿ, ಖರೆ. ನಿನ್ನ ಕೊಂಡಿ ಒಂದು ಬಿಟ್ಟು ಓದಬ್ಯಾಡ" ಎಂದರು. ಮೂವತ್ತು ವರ್ಷ ಪಾಠ ಮಾಡಿದ ದನಿ ಅದಾಗಿರಲಿಲ್ಲ. ಅಪ್ಪ ಅಳುತ್ತಿದ್ದರು. ನಾನು ನೀರು ತಂದುಕೊಟ್ಟೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಮರುದಿನ ಫೈಲಿನಿಂದ ಹಾಳೆ ತೆಗೆದೆ. ನಾಲ್ಕನೆಯದನ್ನೂ ಐದನೇ ಚೌಕದಲ್ಲಿದ್ದ 'ಅಜಾಗರೂಕತೆ'ಯನ್ನೂ ಹೊಡೆದುಹಾಕಿ, ಚೌಕಗಳ ಕೆಳಗಿನ ಖಾಲಿ ಜಾಗದಲ್ಲಿ ಪೆನ್ನಿನಿಂದ ಬರೆದೆ: ಗಂಟೆಯ ಸಂಖ್ಯೆಯನ್ನು ಬಟನ್‌ಗೆ ತಗಡು ಸಿಕ್ಕಿಸಿದ್ದ ಪ್ರೆಸ್ ನೋಡಿ ಗೊತ್ತು ಮಾಡಲಾಯಿತು, ಗೊತ್ತು ಮಾಡಿದವಳು ನಾನು, ತಗಡು ನನಗೆ ಕಂಡಿತ್ತು. ಸಹಿ ಹಾಕಿ ಮ್ಯಾನೇಜರ್ ಮುಂದಿಟ್ಟೆ.

ಅವರು ಎರಡು ಸಲ ಓದಿದರು. "ಇದು ಕಸ್ಟಮರ್‌ಗೆ ಹೋಗಿ ಕ್ಲೋಸ್ ಆಗ್ಬಿಟ್ಟಿದೆ ಮೇಡಂ. ಪ್ಯಾಕಿಂಗ್‌ಗೂ ಜನ ಬಂದಾಯ್ತು" ಎಂದರು. ಹಾಳೆಯನ್ನು ಹರಿಯಲಿಲ್ಲ, ಡ್ರಾಯರಿನಲ್ಲಿಟ್ಟರು. ಫೈಲಿಗೆ ಹಳೆಯದರ ಇನ್ನೊಂದು ಪ್ರತಿ ಹೋಯಿತು. ನಾನು ಸ್ಟಾಪ್‌ವಾಚ್ ಹಿಡಿದು, ಒಂದೊಂದು ಪ್ರೆಸ್ಸಿನಿಂದಲೂ ತಗಡು ತೆಗೆಸಿ, ಎಲ್ಲವನ್ನೂ ಮತ್ತೆ ಅಳೆದೆ. ಅದಕ್ಕೆ ಅವರು ಅಡ್ಡ ಬರಲಿಲ್ಲ. ಬೋರ್ಡಿನ ಸಂಖ್ಯೆಗಳು ಇಳಿದವು. ಮಾಕಳಿ ಅಕ್ಕ ವಾಪಸು ಬರಲಿಲ್ಲ. ಎರಡು ಮೂರು ಸಲ ಕೇಳಿದೆ, ಆಮೇಲೆ ಕೇಳುವುದನ್ನು ಬಿಟ್ಟೆ. ಕೆಲಸವನ್ನು ಮಾತ್ರ ಬಿಡಲಿಲ್ಲ. ಧೈರ್ಯವಿದ್ದವರು ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ, ನಾನು ಮಾಡಿದ್ದು ಇಷ್ಟೇ.

ಎರಡು ವರ್ಷವಾಗಿರಬೇಕು. ಕಂಬಗಳ ಮೇಲೆ ಖಾಲಿ ರೈಲುಗಳನ್ನು ಓಡಿಸಿ ನೋಡುತ್ತಿದ್ದ ದಿನಗಳು. ನೆಲಮಂಗಲದ ಕಡೆಯ ಒಂದು ಫ್ಯಾಕ್ಟರಿಗೆ ಹೋಗಿ ಬರುವಾಗ ಮಾಕಳಿಯಲ್ಲಿ ಇಳಿದೆ. ಬಸ್ ನಿಲ್ದಾಣದ ಪಕ್ಕ, ಬುಟ್ಟಿಯ ಮುಂದೆ ಕೂತು ಮಾಕಳಿ ಅಕ್ಕ ಹೂ ಕಟ್ಟುತ್ತಿದ್ದಳು. ಹಿಡಿಯಬೇಕಾದ ಎರಡು ಬೆರಳೂ ಇಲ್ಲ. ಉಂಗುರದ ಬೆರಳಿಗೂ ಹೆಬ್ಬೆರಳಿಗೂ ನಡುವೆ ಕಾಕಡ ಮೊಗ್ಗು ಹಿಡಿದು, ದಾರ ಸುತ್ತಿ, ಬಿಗಿ ಮಾಡಿ, ಮತ್ತೆ ಮುಂದಿನದು. ನಿಧಾನವಾಗಿ, ತಪ್ಪಿಲ್ಲದೆ ಕಟ್ಟುತ್ತಿದ್ದಳು.

ನನ್ನನ್ನು ಕಂಡು ಮುಖ ಅರಳಿತು. "ಬನ್ನಿ ಮೇಡಂ, ಸೆಂದಾಗಿದೀರಾ?" ಎಂದಳು. ಎರಡು ಮೊಳ ಕೊಡಿ ಎಂದೆ. ಕಟ್ಟಿದ್ದು ಒಂದೇ ಮೊಳ ಇತ್ತು. "ಒಂದ್ ನಿಮ್ಸ, ಕಟ್ಕೊಟ್ಬುಡ್ತೀನಿ" ಎಂದು ಹೂ ಎತ್ತಿಕೊಂಡಳು. ನಾನು ಅವಳ ಕೈ ನೋಡುತ್ತ ನಿಂತೆ. ಅವಳು ಒಮ್ಮೆ ತಲೆಯೆತ್ತಿ ನಾನು ನೋಡುತ್ತಿರುವುದನ್ನು ನೋಡಿದಳು. ಕೈ ಚುರುಕಾಯಿತು. ಇನ್ನೂ ಚುರುಕಾಯಿತು. ಎರಡು ಮೊಗ್ಗು ಜಾರಿ ಕೆಳಗೆ ಬಿದ್ದವು.

"ನಿಧಾನಕ್ಕೆ ಅಕ್ಕ, ನಂಗೇನೂ ಅವಸರ ಇಲ್ಲ" ಎಂದೆ.

"ನೀವ್ ನಿಂತ್ಕಂಡ್ ನೋಡ್ತಾ ಇದೀರಲ್ಲ ಮೇಡಂ" ಎಂದು ನಕ್ಕಳು.

ನಾನು ರಸ್ತೆಯ ಕಡೆ ತಿರುಗಿ ನಿಂತೆ. ಅವ್ವ ಹೋದಾಗ ಬಾರದ ಅಳು ಆ ಲಾರಿಗಳ ಎದುರು ಬಂತು. ತಡೆಯಲು ಆಗಲಿಲ್ಲ, ತಡೆಯಲೂ ಇಲ್ಲ. ಅವಳು ಕಟ್ಟಿ ಮುಗಿಸಿ ಕರೆಯುವವರೆಗೂ ನಾನು ಆ ಕಡೆ ತಿರುಗಲಿಲ್ಲ.